ಬೇಡ ಪ್ರಭು ಅನ್ನುವವರು

ಮೂಡಿಗೆರೆ ಕಡೆ ಮಳೆಗಾಲದ ಕರೆಂಟಿಗೊಂದು ಚಾಳಿ. ಸಂಜೆಯೆಲ್ಲ ಸುಮ್ಮನಿದ್ದು, ಟೀವಿಯಲ್ಲಿ ಮಂತ್ರಿಯೊಬ್ಬ ರಾಣಿಯೆದುರು ನಿಂತು "ಇದು ಸರಿಯಲ್ಲ" ಅನ್ನಲು ಬಾಯಿ ತೆಗೆಯುವಾಗಲೇ ಹೋಗುತ್ತದೆ. ಹೋಗಲಿ. ಆ ಕತ್ತಲಲ್ಲಿ ಯಾರೋ ಒಬ್ಬರು "ಇವನ ಕಥೆ ಮುಗೀತು ಬಿಡಿ" ಅಂತಾರಲ್ಲ, ಅದನ್ನು ಸಹಿಸುವುದು ಕಷ್ಟ. ಹೆಚ್ಚು ಸಲ ಅದೇ ನಿಜವಾಗುವುದು ಇನ್ನೂ ಕಷ್ಟ.

ದೊರೆಗೆ ಎದುರಾಡುವ ದೃಶ್ಯ ಕಟ್ಟಲಿಕ್ಕೂ ಒಂದು ಲೆಕ್ಕವಿದೆ. 'ಗೇಮ್ ಆಫ್ ಥ್ರೋನ್ಸ್' ಎಂಬ ಇಂಗ್ಲಿಷ್ ಧಾರಾವಾಹಿಯ ಡಾವೋಸ್‌ನನ್ನು ನೋಡಿ. ಮೊದಲು ಕಳ್ಳಸಾಗಣೆಯವನು. ಮುತ್ತಿಗೆಗೆ ಸಿಕ್ಕು ಹಸಿದಿದ್ದ ಕೋಟೆಗೆ ದೋಣಿಯಲ್ಲಿ ಈರುಳ್ಳಿ ತಂದು, ಮುಂದೆ ತಾನೇ ದೊರೆ ಅನ್ನುವ ಸ್ಟಾನಿಸ್‌ನನ್ನು ಉಳಿಸಿದ. ಸ್ಟಾನಿಸ್ ಅದಕ್ಕೆ ಪದವಿ ಕೊಟ್ಟ, ಹಳೆಯ ಕಳ್ಳತನಕ್ಕೆ ನಾಲ್ಕು ಬೆರಳಿನ ತುದಿಯನ್ನೂ ಕತ್ತರಿಸಿದ. (ಈರುಳ್ಳಿ ತಂದವನಿಗೆ ಸಿಗುವ ಈ ಬಗೆಯ ಬಹುಮಾನ ಕಡೂರು, ಅಜ್ಜಂಪುರದ ರೈತರಿಗೆ ಹೊಸದಲ್ಲ.) ಮೂರನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಇದೇ ಡಾವೋಸ್, ಸ್ಟಾನಿಸ್ ಬಲಿಗೆಂದು ಕೂಡಿಹಾಕಿದ್ದ ಗೆಂಡ್ರಿ ಎಂಬ ಹುಡುಗನನ್ನು ದೋಣಿ ಹತ್ತಿಸಿ ಕಳಿಸುತ್ತಾನೆ. ತಾನು ಓಡಿಹೋಗದೆ ಬಂದು ಒಪ್ಪಿಕೊಳ್ಳುತ್ತಾನೆ. ಮರಣದಂಡನೆ ಬಿದ್ದ ಮೇಲೆ ಉತ್ತರದ ಗಡಿಗೋಡೆಯ ಕಾವಲಿನವರು ಸಹಾಯ ಬೇಡಿ ಕಳಿಸಿದ ಕಾಗದ ಹೊರಗೆ ತೆಗೆಯುತ್ತಾನೆ. ಆ ಕಾಗದ ಓದುವಷ್ಟು ಅಕ್ಷರ ಕಲಿಸಿದವಳು ದೊರೆಯ ಮಗಳೇ. ಋಣ, ಗಾಯ, ಅಕ್ಷರ, ಎಲ್ಲ ಮೊದಲೇ ಜಮೆಯಾಗಿದೆ. ಆ ಜಮೆಯಿಂದಲೇ ತಲೆ ಉಳಿಯುತ್ತದೆ. ಕೈಯಲ್ಲಿ ಕಾಗದವಿಲ್ಲದೆ ಬರೀ ನೀತಿ ಹೇಳುವವನನ್ನು ಗಲ್ಲಿಗೇರಿಸಿದರೆ ನೋಡುವವರೂ ಅಷ್ಟೇನೂ ಅಳುವುದಿಲ್ಲ.

ಅದೇ ಧಾರಾವಾಹಿಯಲ್ಲಿ ಒಂದು ಚಿಕ್ಕ ಸೀಮೆಯ ಒಡತಿ, ಪುಟ್ಟ ಹುಡುಗಿ ಲಿಯಾನಾ ಮಾರ್ಮಂಟ್ ಯುದ್ಧಕ್ಕೆ ಕೊಡುವುದು 62 ಆಳು. ಸಾವಿರ ಅಂದಿದ್ದರೆ ಮರೆತೇಹೋಗುತ್ತಿತ್ತು. ಆಮೇಲೆ ಅವಳು ತುಂಬಿದ ಸಭೆಯಲ್ಲಿ ದೊಡ್ಡ ದೊಡ್ಡ ಗಡ್ಡದವರನ್ನು ಬೈದರೆ ಯಾರೂ ಉಸಿರೆತ್ತದಿರುವುದು ಆ 62ರ ಬಲದಿಂದ.

ಕೆಡುವುದು ಹೊತ್ತು ತಪ್ಪಿದಾಗ. 2019ರ ಕೊನೆಯ ಕಂತಿನಲ್ಲಿ, ರಾಣಿ ಊರನ್ನು ಸುಟ್ಟು ಬೂದಿ ಮಾಡಿದ ಮೇಲೆ, ಅವಳ ಮಂತ್ರಿ ಟಿರಿಯನ್ ಅಧಿಕಾರದ ಬಿಲ್ಲೆ ಕಿತ್ತೆಸೆಯುತ್ತಾನೆ. ಎಸೆದದ್ದೇನೋ ಚೆನ್ನಾಗಿದೆ, ಹಿಂದಿನ ವಾರ ಎಸೆಯಬಾರದಿತ್ತೆ?

ಎದುರಾಡದೆ ಇದ್ದವನನ್ನೂ ನೋಡಬೇಕೆಂದರೆ ಹಳೇಬೀಡಿಗೆ ಹೋಗಬೇಕು. ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲೇ ಒಂದು ಗರುಡಗಂಬವಿದೆ. ಬಂದವರು ನಂದಿಯ ಮುಂದೆ ಸೆಲ್ಫಿ ತೆಗೆದುಕೊಂಡು, ಇದಕ್ಕೆ ಬೆನ್ನು ಒರಗಿಸಿ ಚಪ್ಪಲಿ ಹಾಕಿಕೊಳ್ಳುತ್ತಾರೆ. ಕಂಬ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನದು. ಗರುಡರೆಂದರೆ ದೊರೆ ಸತ್ತರೆ ತಾವೂ ಸಾಯುವ ಆಣೆಯಿಟ್ಟ ಅಂಗರಕ್ಷಕರು. 1220ರಲ್ಲಿ ಬಲ್ಲಾಳ ತೀರಿಕೊಂಡ, ಲಕ್ಷ್ಮ ಹೆಂಡತಿಯೊಂದಿಗೆ, ತನ್ನ ಆಳುಗಳೊಂದಿಗೆ ಮಾತು ಉಳಿಸಿಕೊಂಡ. ಕಂಬದ ಮೇಲೆ ಕಣ್ಣಿಟ್ಟು ಹುಡುಕಿದರೆ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಪುಟ್ಟ ಆಕೃತಿಗಳು ಕಾಣುತ್ತವೆ. ಆ ಕೈಗಳಲ್ಲಿ ಅನುಮಾನದ ಗುರುತೇ ಇಲ್ಲ. ತಮಾಷೆಯೆಂದರೆ, ಇಷ್ಟು ನಿಷ್ಠೆ ಪಡೆದ ಬಲ್ಲಾಳ ಸ್ವಂತ ಅಪ್ಪ ನರಸಿಂಹನಿಗೇ ತಿರುಗಿಬಿದ್ದವನು. 1173ರಲ್ಲಿ ಪಟ್ಟಕ್ಕೆ ಬಂದ. ಎದುರಾಡಿದವನಿಗೆ ಸಿಂಹಾಸನ, ಆಡದವನಿಗೆ ಕಂಬ.

ಲಕ್ಷ್ಮನನ್ನು ಧಾರಾವಾಹಿಗೆ ತಂದರೆ ಮೇಲಿನ ಲೆಕ್ಕ ಪೂರಾ ಕೈಕೊಡುತ್ತದೆ. ಋಣವಿದೆ, ಸಲಿಗೆಯಿದೆ, ಬೆನ್ನಿಗೆ ಆಳುಗಳಿದ್ದಾರೆ. ಆದರೂ "ಬೇಡ" ಅನ್ನುವ ಯೋಚನೆಯೇ ಅವನಿಗಿಲ್ಲ. ಅವನ ಹೆಂಡತಿಗೆ ಇತ್ತೋ ಏನೋ. ಆ ಮಾತನ್ನು ಅವಳ ಬಾಯಲ್ಲಿ ಆಡಿಸಬಹುದು, ದೊರೆ ಮಂಚ ಹಿಡಿದಾಗಲೇ, ಸತ್ತ ಮೇಲಲ್ಲ. ಆದರೆ ನಮ್ಮ ಧಾರಾವಾಹಿಯವರ ಕೈಗೆ ಕೊಡಲು ಭಯ. ಅವಳು "ಸ್ವಾಮಿ" ಅನ್ನುವಷ್ಟರಲ್ಲಿ ಗುಡುಗು, ಲಕ್ಷ್ಮನ ಮುಖಕ್ಕೆ ಮೂರು ಸಲ ಕ್ಯಾಮೆರಾ, ಅತ್ತೆಗೊಂದು ಸಲ, ಬಾಗಿಲ ಮರೆಯ ದಾಸಿಗೊಂದು ಸಲ, ಉಳಿದದ್ದು ಸೋಮವಾರಕ್ಕೆ.