ಯುದ್ಧದ ಚಿತ್ರಕ್ಕೆ ಒಂದು ಅಕ್ಷರ ಸಾಲದು

ಅಲೆಕ್ಸ್ ಗಾರ್ಲಂಡ್ ನಿರ್ದೇಶಿಸಿದ ‘ಸಿವಿಲ್ ವಾರ್’ 2024ರ ಏಪ್ರಿಲ್‌ನಲ್ಲಿ ತೆರೆಕಂಡಾಗ, ನಾನು ನೆಲೆಸಿರುವ ಇಂಗ್ಲೆಂಡಿನಲ್ಲಿ ಅದಕ್ಕೆ ‘15’ ಎಂಬ ದರ್ಜೆ ಸಿಕ್ಕಿತು, ಅಮೆರಿಕದಲ್ಲಿ ‘ಆರ್’. ಇಲ್ಲಿ 15 ತುಂಬದವರನ್ನು ಹೆತ್ತವರು ಜೊತೆಗಿದ್ದರೂ ಚಿತ್ರಮಂದಿರದೊಳಗೆ ಬಿಡುವುದಿಲ್ಲ. ಅಲ್ಲಿ 17ರೊಳಗಿನವರು ತಂದೆತಾಯಿಯೊಡನೆ ಅಥವಾ ಪೋಷಕರೊಡನೆ ಬಂದರೆ ಅಡ್ಡಿಯಿಲ್ಲ. ನಮ್ಮ ದೇಶದ ‘ಎ’ ಪ್ರಮಾಣಪತ್ರ 18ರೊಳಗಿನವರೆಲ್ಲರನ್ನೂ ಹೊರಗಿಡುತ್ತದೆ.

ಅಂತರ್ಯುದ್ಧಕ್ಕೆ ಸಿಲುಕಿದ ಅಮೆರಿಕದಲ್ಲಿ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಹೊರಟ ಪತ್ರಕರ್ತರ ಕಥೆಯಿದು. ಅವರಲ್ಲಿ ನುರಿತ ಛಾಯಾಗ್ರಾಹಕಿ ಲೀ, ಆ ಕೆಲಸವನ್ನು ಕಲಿಯಲು ಹಂಬಲಿಸುವ ಜೆಸ್ಸಿ ಇಬ್ಬರೂ ಇದ್ದಾರೆ. ಲೈಂಗಿಕ ದೃಶ್ಯಗಳು ಚಿತ್ರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ವಯಸ್ಸಿನ ಮಿತಿ ಬೇಕೆನಿಸುವ ಅಂಶ ಬೇರೆಡೆ ಇದೆ. ಪೆಟ್ರೋಲ್ ಬಂಕಿನ ಹಿಂದೆ ಇಬ್ಬರನ್ನು ಚಿತ್ರಹಿಂಸೆ ಕೊಟ್ಟು ನೇತುಹಾಕಿರುತ್ತಾರೆ. ಕಂಡು ಮರಗಟ್ಟಿದ ಜೆಸ್ಸಿಗೆ ಒಂದೂ ಫೋಟೋ ತೆಗೆಯಲಾಗುವುದಿಲ್ಲ. ಲೀ ಮಾತ್ರ ಬಂದೂಕು ಹಿಡಿದವನನ್ನೇ ಆ ಇಬ್ಬರ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಾಳೆ. ನನ್ನನ್ನು ಕಲಕಿದ್ದು ಅಲ್ಲಿನ ಗಾಯಗಳಿಗಿಂತ ಹೆಚ್ಚಾಗಿ ಅವನು ಅಷ್ಟು ಸಲೀಸಾಗಿ ಕ್ಯಾಮೆರಾಗೆ ನಿಂತ ರೀತಿ. ಮುಂದೆ ಗುಂಡಿನ ಸದ್ದಿನ ನಡುವೆ ದೃಶ್ಯ ಥಟ್ಟನೆ ಸ್ತಬ್ಧವಾಗಿ, ಜೆಸ್ಸಿ ತೆಗೆದ ಕಪ್ಪು-ಬಿಳುಪು ಚಿತ್ರ ತೆರೆಯ ಮೇಲೆ ನಿಲ್ಲುವಾಗ, ಸಾವನ್ನು ನೋಡುವ ಹೊಣೆ ಅವಳಿಂದ ನಮಗೂ ಹರಿದುಬರುತ್ತದೆ. ಹದಿನಾರರ ಹುಡುಗ ಹುಡುಗಿಯರು ಈ ಹೊಣೆಯನ್ನು ಖಂಡಿತ ಅರಿಯಬಲ್ಲರು. ದಿನವೂ ಅವರ ಫೋನಿಗೆ ಹಿನ್ನೆಲೆಯಿಲ್ಲದ ಯುದ್ಧದ ದೃಶ್ಯಗಳು ಬಂದು ಬೀಳುತ್ತಲೇ ಇವೆ.

ಇಂಥ ಚಿತ್ರದಲ್ಲಿ ನಾಲ್ಕು ಸೆಕೆಂಡು ಕತ್ತರಿಸಿ, ಎರಡು ಬೈಗುಳಕ್ಕೆ ಮ್ಯೂಟ್ ಹಾಕುವುದನ್ನು ನಾನು ಒಪ್ಪಲಾರೆ. ನಮ್ಮಲ್ಲಿ ಬೇರೂರಿರುವ ಕ್ರಮ ಅದೇ. ‘ಎ’ ಚಿತ್ರವನ್ನು ಟಿ.ವಿ.ಯಲ್ಲಿ ಹಾಕುವಂತಿಲ್ಲವಾದ್ದರಿಂದ ನಿರ್ಮಾಪಕರು ಕತ್ತರಿಗೆ ಒಪ್ಪಿ, ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದೆನ್ನುವ ‘ಯು/ಎ’ ಪಡೆಯುತ್ತಾರೆ. ಅಲ್ಲಿಗೆ ಪ್ರಮಾಣಪತ್ರ ಮಕ್ಕಳ ಹಿತದ ಮಾತಾಗಿ ಉಳಿಯದೆ ಮಾರುಕಟ್ಟೆಯ ಚೌಕಾಸಿಯಾಗುತ್ತದೆ. ಹಾಗೆ ಬಂದ ಹೊಡೆದಾಟದ ಚಿತ್ರಗಳಿಗೆ ನಮ್ಮ ಜನ ಐದು ವರ್ಷದ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುತ್ತಾರೆ, ರಕ್ತ ಚಿಮ್ಮುವಾಗ ಅಂಗೈಯಿಂದ ಅವರ ಕಣ್ಣು ಮುಚ್ಚುತ್ತಾರೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಬ್ರಿಟನ್ನಿನಲ್ಲಿ ಚಿತ್ರ ಶುರುವಾಗುವ ಮುನ್ನ ದರ್ಜೆಯ ಜೊತೆಗೆ ಅದರ ಕಾರಣವೂ ತೆರೆಯ ಮೇಲೆ ಬರುತ್ತದೆ. ಪ್ರಮಾಣೀಕರಣ ಮಂಡಳಿಯ ಜಾಲತಾಣದಲ್ಲಿ ಇನ್ನಷ್ಟು ವಿವರವನ್ನು ಹೆತ್ತವರು ಮನೆಯಲ್ಲೇ ಓದಬಹುದು. ಹದಿನಾಲ್ಕರ ಮಗುವಿನ ವಿಷಯದಲ್ಲಿ ಹೆತ್ತವರ ಮಾತಿಗೆ ಬೆಲೆ ಕೊಡದಿರುವುದು ಈ ಪದ್ಧತಿಯ ಬಿಗಿ ಎಂದು ನನಗನ್ನಿಸಿದರೂ, ಪುಟ್ಟ ಮಕ್ಕಳಿಗೂ ಬಾಗಿಲು ತೆರೆದಿಡುವ ಅಮೆರಿಕದ ಸಡಿಲಕ್ಕಿಂತ ಇದೇ ಮೇಲು.

ಭಾರತದಲ್ಲೂ 2024ರ ನಿಯಮಗಳು ‘ಯು/ಎ’ಯನ್ನು 7, 13, 16 ವಯಸ್ಸುಗಳಿಗೆ ವಿಂಗಡಿಸಿವೆ. ಒಟಿಟಿಗಳು ದರ್ಜೆಯ ಜೊತೆಗೆ ಕಾರಣವನ್ನೂ ತೋರಿಸಬೇಕೆಂದು 2021ರಲ್ಲೇ ವಿಧಿಸಲಾಗಿದೆ. ಅಂದಮೇಲೆ ಕರ್ನಾಟಕದ ಚಿತ್ರಮಂದಿರಗಳ ಟಿಕೆಟ್ ಕಿಟಕಿಯ ಬಳಿಯೂ, ಪೋಸ್ಟರಿನ ಮೇಲೂ ಆ ಕಾರಣವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು. ‘ಸಿವಿಲ್ ವಾರ್’ಗೆ ಅದನ್ನು ಬರೆಯುವ ಅವಕಾಶ ನನಗಿದ್ದರೆ ಹೀಗೆ ಬರೆಯುತ್ತಿದ್ದೆ: ಶರಣಾದವರನ್ನು ಕೊಲ್ಲುವ, ಹೆಣಗಳ ರಾಶಿಯನ್ನು ತೋರಿಸುವ ದೃಶ್ಯಗಳಿವೆ, ಮಕ್ಕಳನ್ನು ಕರೆತಂದವರು ನೋಡಿದ ಮೇಲೆ ಅವರೊಡನೆ ಕುಳಿತು ಮಾತಾಡಲು ಸಮಯ ಇಟ್ಟುಕೊಳ್ಳಿ.