ತಡವಾಗುವುದು ಮೊದಲೇ ತೋಡಿದ್ದಕ್ಕಲ್ಲ

ಲೇಔಟ್ ಮಾಡುವ ಮುಂಚೆ, ನೆಲದಡಿ ಹಳೆಯ ಕುರುಹು ಏನಾದರೂ ಇದೆಯಾ ಅಂತ ಪುರಾತತ್ವದವರಿಂದ ಪರೀಕ್ಷಾ ಗುಂಡಿ ತೋಡಿಸಿದರೆ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ ಅಂತ ಬರೆದಿದ್ದೀರಿ, ಆ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನಲ್ಲಿ ಮನೆ ಕಟ್ಟುವ ಸೈಟೊಂದರಲ್ಲಿ ಕೆಲಸಕ್ಕಿದ್ದೆ. ಅಲ್ಲಿ 1990ರಿಂದ ಇದು ಮಾಮೂಲಿ, ಖರ್ಚೂ ಕಟ್ಟುವವನದ್ದೇ. ಇಡೀ ಹೊಲ ಅಗೆಯುವುದಿಲ್ಲ ಸ್ವಾಮಿ, ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಭಾಗ ಅಷ್ಟೇ. ಸುಮಾರು 30 ಮೀಟರ್ ಉದ್ದ, 2 ಮೀಟರ್ ಅಗಲದ ಪಟ್ಟಿಗಳು. ಜೆಸಿಬಿಗೆ ಹಲ್ಲಿಲ್ಲದ ಬಕೆಟ್ ಹಾಕಿ, ದೋಸೆ ಕಾವಲಿ ಕೆರೆದ ಹಾಗೆ ತೆಳ್ಳಗೆ ಮಣ್ಣು ತೆಗೆಯುತ್ತಿದ್ದರು, ಪಕ್ಕದಲ್ಲಿ ಬಗ್ಗಿ ನಿಂತ ಒಬ್ಬ ಹುಡುಗಿ ಹಳದಿ ಜೇಡಿಯಲ್ಲಿ ಕಪ್ಪು ಗೆರೆ ಕಂಡ ಕೂಡಲೇ ಕೈ ಎತ್ತಿ ಡ್ರೈವರನ್ನು ನಿಲ್ಲಿಸುತ್ತಿದ್ದಳು. ಆ ಗೆರೆ ಅಂದರೆ ಯಾವುದೋ ಕಾಲದಲ್ಲಿ ತುಂಬಿಹೋದ ಕಾಲುವೆ. ನಮ್ಮ ಸೈಟಿನಲ್ಲಿ ಎಲ್ಲ ಮುಗಿದದ್ದು ಎರಡು ವಾರದಲ್ಲಿ. ಇಟ್ಟಿಗೆ ಲಾರಿಗೆ ಇದಕ್ಕಿಂತ ಜಾಸ್ತಿ ಕಾದಿದ್ದೇವೆ!

ನಿಜವಾಗಿ ತಡವಾಗುವುದು ಪಾಯ ತೆಗೆದ ಮೇಲೆ ಏನಾದರೂ ಸಿಕ್ಕಾಗ, ಅಲ್ವಾ? ನಮ್ಮ ಕೇಂದ್ರದ ಕಾನೂನು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಅನ್ನುತ್ತದೆ. ಆದರೆ ಬಳ್ಳಾರಿ, ರಾಯಚೂರು ಕಡೆಯ ನವಶಿಲಾಯುಗದ ಬೂದಿದಿಬ್ಬಗಳಲ್ಲಿ, ಅಂದರೆ ಆ ಕಾಲದವರು ಸಗಣಿ ಸುಟ್ಟು ಆದ ಬೂದಿಯ ಗುಡ್ಡೆಗಳಲ್ಲಿ, ಸಂರಕ್ಷಿತ ಪಟ್ಟಿಗೆ ಸೇರದವು ಎಷ್ಟೋ ಇವೆ. ಅವನ್ನು ಗೊಬ್ಬರಕ್ಕೆ ಅಂತ ಸುಮ್ನೆ ಗಾಡಿಯಲ್ಲಿ ಹೊತ್ತಿದ್ದಾರೆ.

ಹಾಗಂತ ಇದು ನಮಗೆ ಗೊತ್ತಿಲ್ಲದ ಕೆಲಸವೇನಲ್ಲ. ನಾಗಾರ್ಜುನಸಾಗರದ ನೀರು ನಿಲ್ಲುವ ಮುಂಚೆ, 1954ರಿಂದ 1960ರವರೆಗೆ, ಮುಳುಗಲಿದ್ದ ಹಳೆಯ ಬೌದ್ಧ ನೆಲೆ ನಾಗಾರ್ಜುನಕೊಂಡದಲ್ಲಿ ಅಗೆದು, ಮುಖ್ಯವಾದ ಕೆಲವು ಅವಶೇಷಗಳನ್ನು ಎತ್ತರದ ಜಾಗಕ್ಕೆ ತಂದು ಮತ್ತೆ ಕಟ್ಟಿದರು. ಅಣೆಕಟ್ಟೇನೂ ನಿಲ್ಲಲಿಲ್ಲ.