ಅಲ್ಟ್ರಾಸೌಂಡ್ ಮಾಡಿಸುವುದರಿಂದ ಗಂಟು ಕ್ಯಾನ್ಸರ್ ಆಗುವುದಿಲ್ಲ

"ಮೈಯಲ್ಲಿ ಗಂಟು ಕಂಡರೆ ಸ್ಕ್ಯಾನ್ ಮಾಡಿಸಬೇಡಿ, ಅದರ ಕಿರಣದಿಂದ ಗಂಟು ಕ್ಯಾನ್ಸರ್ ಆಗುತ್ತದೆ. ನೋವಿಲ್ಲದಿದ್ದರೆ ಹಾಗೇ ಬಿಟ್ಟುಬಿಡಿ" ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ತರಹದ ಕಿರಣವೇ ಇಲ್ಲ. ಇರುವುದು ಕಿವಿಗೆ ಕೇಳಿಸದ ಶಬ್ದದ ಅಲೆ. ಗರ್ಭಿಣಿಯರಿಗೂ ಇದನ್ನೇ ಮಾಡುತ್ತಾರೆ ಅಲ್ವಾ?

ಗಂಟು ಸಿಗುವ ಜಾಗವನ್ನು ನೀವೇ ಬೆರಳಿಟ್ಟು ತೋರಿಸಿ. ಅಲ್ಲಿ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ (ಶಬ್ದದ ಅಲೆ ಕಳಿಸುವ ಕೈಯಲ್ಲಿ ಹಿಡಿಯುವ ಸಾಧನ) ಇಡುತ್ತಾರೆ. ಬರೀ ನೀರು ತುಂಬಿದ ಗಂಟಾದರೆ ಪರದೆಯ ಮೇಲೆ ಒಳಗೆಲ್ಲ ಕಪ್ಪು, ಅಂಚು ನುಣುಪು, ಅದರ ಹಿಂದಿನ ಭಾಗ ಬೆಳ್ಳಗೆ ಕಾಣುತ್ತದೆ. ಗಟ್ಟಿ ಗಂಟಾದರೆ ಆಕಾರ, ಅಂಚು, ರಕ್ತದ ಓಡಾಟ ನೋಡುತ್ತಾರೆ. ಕೊಬ್ಬಿನ ಗಂಟೋ, ಊದಿದ ಗ್ರಂಥಿಯೋ ಎಂದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಮೆಸೇಜಿನ ಎರಡನೇ ಮಾತು. ಸ್ತನ ಕ್ಯಾನ್ಸರ್‌ನ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವಿಲ್ಲ ಅಂತ ಸುಮ್ನೆ ಕೂತರೆ ಚಿಕಿತ್ಸೆಯ ಒಳ್ಳೆಯ ಸಮಯ ಕೈತಪ್ಪುತ್ತದೆ. 30 ವರ್ಷದೊಳಗಿನವರಿಗೆ ಸ್ತನದ ಗಂಟಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡೇ ಮಾಡುತ್ತಾರೆ. 40 ದಾಟಿದವರಿಗೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಕೂಡ ಬೇಕು.

ಹಾಗಂತ ಸ್ಕ್ಯಾನ್ ಒಂದೇ ಸಾಕು ಎಂದೂ ಅಲ್ಲ. ಅನುಮಾನ ಬಂದರೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಮಾಂಸದ ಆಳದಲ್ಲಿರುವ ಅಥವಾ 5 ಸೆಂಟಿಮೀಟರ್‌ಗಿಂತ ದೊಡ್ಡ ಗಂಟಿಗೆ ಎಂಆರ್‌ಐ ಹೇಳಬಹುದು. ರಿಪೋರ್ಟ್ ನಾರ್ಮಲ್ ಬಂದರೂ ಗಂಟು ಬೆಳೆಯುತ್ತಿದ್ದರೆ ಮತ್ತೆ ವೈದ್ಯರಿಗೆ ತೋರಿಸಿ.